ಮೂರು ಎಕರೆ ಜೋಳ

ಮೇ 21, ಬುಧವಾರ

ಆನೆ ದಾಟಬಾರದೆಂದು ಕಾಡಿನಂಚಿಗೆ ತೋಡಿರುವ ಕಂದಕವನ್ನು ಆನೆಗಳು ಆರಾಮಾಗಿ ದಾಟುತ್ತವೆ. ಅದರೊಳಗೆ ಈತನಕ ಬಿದ್ದಿರುವುದು ಒಂದು ಹಸು, ಎರಡು ನಾಯಿ ಮತ್ತು ನನ್ನ ಗಂಡ.

ಹದಿನೈದು ದಿನದ ಹಿಂದೆ, ಸಂಜೆ, ಹೊಲದಲ್ಲಿ ಮಣ್ಣು ಕೆದಕುತ್ತಿದ್ದ ಕಾಡುಹಂದಿಯನ್ನು ಅಟ್ಟಿಸಿಕೊಂಡು ಹೋದರು. ಬೆಳೆಯೇ ಇಲ್ಲದ ಹೊಲದಲ್ಲಿ ಅದಕ್ಕೇನು ಸಿಗುತ್ತಿತ್ತೋ ಗೊತ್ತಿಲ್ಲ. ಆದರೆ ಇವರ ಸಿಟ್ಟು ಹಳೆಯದು. ಮೂರು ವರ್ಷದಿಂದ ನಮ್ಮ ಮುಸುಕಿನ ಜೋಳವನ್ನು ನಮಗಿಂತ ಮೊದಲು ಹಂದಿಗಳೇ ಕೊಯ್ಲು ಮಾಡುತ್ತಿವೆ. ಹಂದಿ ಕಂದಕ ಹಾರಿತು. ಇವರೂ ಹಾರಿದರು. ಹಂದಿ ಆಚೆ ದಡ ಸೇರಿತು. ಇವರ ತೊಡೆಮೂಳೆ ಎರಡಾಯಿತು.

ಇವತ್ತು ಕೊಳ್ಳೇಗಾಲದ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಕಾಲೊಳಗೆ ಕಬ್ಬಿಣದ ರಾಡು ಕೂತಿದೆ. ಮೂರು ತಿಂಗಳು ಆ ಕಾಲು ನೆಲಕ್ಕೆ ಊರುವಂತಿಲ್ಲ, ಆಮೇಲೂ ಕೋಲು ಬೇಕು ಎಂದಿದ್ದಾರೆ ಡಾಕ್ಟರು. ಜಗುಲಿಯ ಮೇಲೆ ಮಂಚ ಹಾಕಿಸಿಕೊಂಡು, ಮಲಗಿದ ಐದೇ ನಿಮಿಷಕ್ಕೆ ಶುರು ಮಾಡಿದರು.

"ಲೇ ಸುವರ್ಣಿ, ಜ್ವಾಳ ಆಕದು ಗೊತ್ತು ತಾನೆ? ಓದ್ವರ್ಸದ ಬೀಜವೇ. ಮೊಳಕ್ಕೊಂದು ಕಾಳು. ನನ್ನ ಕೇಳ್ದೆ ಒಂದು ಕಡ್ಡೀನೂ ಅಲ್ಲಾಡುಸ್ಬೇಡ."

"ಊಂ ಕಣ್ರಿ" ಎಂದೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಿಂದ ಅದನ್ನೇ ಹೇಳುತ್ತಿದ್ದೇನೆ.

ಗೊಬ್ಬರದ ಅಂಗಡಿಯವರು ವರ್ಷವೂ ಇವರಿಗೆ ಒಂದು ಡೈರಿ ಕೊಡುತ್ತಾರೆ. ಇವರು ಅದರಲ್ಲಿ ಒಂದಕ್ಷರ ಬರೆದವರಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು, ಸುಮ್ಮನೆ ಕೂತಿದ್ದ ಪುಸ್ತಕವನ್ನು ನನ್ನದು ಮಾಡಿಕೊಂಡೆ. ಯಾರೂ ಓದುವುದಿಲ್ಲ ಎನ್ನುವುದೇ ಇದರ ಒಳ್ಳೆಯ ಗುಣ.

ಮೇ 26, ಸೋಮವಾರ

ಮಂಚದಿಂದ ಹೊರಟ ಆಜ್ಞೆಗಳು: ಸಾಲು ಪೂರ್ವ ಪಶ್ಚಿಮ ಹೊಡೆಸು. ಬದುವಿನ ಕಲ್ಲು ಮುಟ್ಟಬೇಡ. ಟ್ರ್ಯಾಕ್ಟರ್ ತರುವ ರಾಜಣ್ಣನಿಗೆ ಕಾಫಿ ಕೊಡು, ಎರಡನೇ ಸಲ ಕೊಡಬೇಡ. ಸಾರಿಗೆ ಉಪ್ಪು ಕಮ್ಮಿ.

ಇವರ ಹೊಲ ಊರಿಂದ ಒಂದೂವರೆ ಮೈಲಿ, ಗುಡ್ಡದ ಆಚೆಗೆ, ಬೆಟ್ಟಕ್ಕೆ ಹೋಗುವ ರಸ್ತೆಯ ಬದಿಗಿದೆ. ಪೂರ್ವ ಪಶ್ಚಿಮ ಹೊಡೆದರೆ ಮಳೆನೀರು ಸಾಲಿನುದ್ದಕ್ಕೂ ಇಳಿದು ಮಣ್ಣನ್ನು ಎಳೆದುಕೊಂಡು ಹೋಗುತ್ತದೆ. ಪ್ರತಿವರ್ಷ ನೋಡಿದ್ದೇನೆ. ರಾಜಣ್ಣನಿಗೆ ಇಳಿಜಾರಿಗೆ ಅಡ್ಡಲಾಗಿ ಹೊಡೆಯಲು ಹೇಳಿದೆ.

"ಅಣ್ಣ ಅಂಗೇಳ್ನಿಲ್ವಲ್ಲ ಅಕ್ಕ?"

"ಅಣ್ಣನಿಗೆ ಅಲ್ಲಿಂದ ಕಾಣ್ತದಾ?"

ರಾಜಣ್ಣ ಗುಡ್ಡವನ್ನು ಒಮ್ಮೆ ನೋಡಿದ. ನಕ್ಕ. ಅಡ್ಡಕ್ಕೇ ಹೊಡೆದ. ಅವನಿಗೆ ಎರಡು ಸಲ ಕಾಫಿ ಕೊಟ್ಟೆ.

ಮನೆಗೆ ಬಂದರೆ, "ಪೂರ್ವ ಪಶ್ಚಿಮ ತಾನೆ?" ಎಂದು ಕೇಳಿದರು. "ಊಂ ಕಣ್ರಿ" ಎಂದೆ. ಸುಳ್ಳು ಹೇಳಿದರೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ಮಧ್ಯಾಹ್ನವೇ ಒಂದು ಗಂಟೆ ನಿದ್ದೆ ಹೊಡೆದೆ.

ಜೂನ್ 3, ಮಂಗಳವಾರ

ಇವತ್ತು ದೊಡ್ಡ ತಪ್ಪನ್ನೇ ಮಾಡಿದ್ದೇನೆ. ಬರೆಯುವಾಗ ಸ್ವಲ್ಪ ನಗುವೂ ಬರುತ್ತಿದೆ.

ಹಾಲಿನ ಡೈರಿ ಹತ್ತಿರ ರಂಗರಾಜು ಬಂದಿದ್ದ. ಹೂವಿನ ಕಂಪನಿಯವನು. ಚೆಂಡು ಹೂವಿನ ಪೈರು ಅವರೇ ಕೊಡುತ್ತಾರೆ, ಹೂ ಬಿಟ್ಟಾಗ ಅವರೇ ಲಾರಿ ತಂದು ತುಂಬಿಕೊಂಡು ಹೋಗುತ್ತಾರೆ. ಹೋದ ವರ್ಷ ನಮ್ಮ ಮನೆಗೂ ಬಂದಿದ್ದ. "ಊ ಬೆಳೆಯಕ್ಕೆ ನಾನೇನು ಪೂಜಾರಿಯೇನ್ಲಾ?" ಎಂದು ಇವರು ಅಟ್ಟಿದ್ದರು.

ನಮ್ಮ ಹೊಲದ ಕೆಲಸಕ್ಕೆ ಬರುವ ಚಿಕ್ಕಮಾದಮ್ಮ ನನ್ನ ಪಕ್ಕೆಗೆ ತಿವಿದಳು. "ಅಕ್ಕ, ನನ್ನ ತವರಲ್ಲಿ ಆಕವ್ರೆ. ಆ ವಾಸ್ನೆಗೆ ಹಂದಿ ಮೂಸೂ ನೋಡಲ್ಲ."

ಹಂದಿ ಮೂಸುವುದಿಲ್ಲ ಎಂಬ ಮಾತು ನನ್ನ ತಲೆಗೆ ಹತ್ತಿಬಿಟ್ಟಿತು. ಇನ್ನೊಂದು ವರ್ಷ ಹಂದಿಗೆ ಬೆಳೆದುಕೊಟ್ಟರೆ ಈ ಮನೆಯಲ್ಲಿ ಉಣ್ಣುವುದೇನು? ಇವರಿಗೆ ಹೇಳಿದರೆ ಬೇಡ ಎನ್ನುತ್ತಾರೆ. ಬೇಡ ಎಂದ ಮೇಲೆ ಹಾಕಿದರೆ ಜಗಳ. ಹೇಳದೇ ಹಾಕಿದರೆ ಜಗಳ ಆಮೇಲೆ.

"ಮೂರು ಎಕರೆಗೆ ಬರ್ಕೊಳಪ್ಪ" ಎಂದೆ.

"ಸದಾಶಿವಪ್ಪನವ್ರು ಒಪ್ಕಂಡ್ರಾ?" ಎಂದ ರಂಗರಾಜು.

"ಅವ್ರಿಗೆ ಈಗ ಕಾಲ್ನೋವು. ತೊಂದ್ರೆ ಕೊಡಬ್ಯಾಡ."

ಜೂನ್ 7, ಶನಿವಾರ

ಬೀಳುವ ಮುಂಚೆಯೇ ಇವರು ಜೋಳದ ಬೀಜ ತಂದಿಟ್ಟಿದ್ದರು. ಒಂದು ಹಿಡಿ ಉಳಿಸಿಕೊಂಡು, ಮಿಕ್ಕ ಚೀಲಗಳನ್ನು ಹನೂರಿನ ಅಂಗಡಿಗೆ ವಾಪಸ್ ಕೊಟ್ಟು, ಖಾಲಿ ಚೀಲ ಇದ್ದರೆ ಕೊಡಿ ಎಂದೆ. ಅಂಗಡಿಯವನು ಕನ್ನಡಕ ತೆಗೆದು ನನ್ನನ್ನೇ ನೋಡಿದ. "ಬೀಜ ಬ್ಯಾಡ, ಚೀಲ ಬೇಕಾ?"

ಬೇಕಿತ್ತು. "ಖಾಲಿ ಚೀಲ ತೋರ್ಸು, ಎಷ್ಟು ಬಿತ್ತಿದ್ದೀಯ ನೋಡವ" ಎಂದು ಇವರು ಕೇಳಿಯೇ ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಸಂಜೆ ಕೇಳಿದರು. ತೋರಿಸಿದೆ. ಎಣಿಸಿ, ಮಡಚಿ, ತಲೆದಿಂಬಿನ ಕೆಳಗೆ ಇಟ್ಟುಕೊಂಡರು.

ಒಂದು ಹಿಡಿ ಕಾಳನ್ನು ಬೋರ್‌ವೆಲ್ ಪಕ್ಕ ಹಾಕಿದ್ದೇನೆ. ಇಪ್ಪತ್ತು ಗಿಡ ಬಂದರೆ ಸಾಕು. ಎಲೆ ತಂದು ತೋರಿಸು ಎಂದಾಗ ತೋರಿಸಲು.

ಜೂನ್ 19, ಗುರುವಾರ

ಪೈರು ನೆಟ್ಟು ಮುಗಿಯಿತು. ಸೊಂಟ ಇದೆಯೋ ಬಿದ್ದುಹೋಯಿತೋ ತಿಳಿಯುತ್ತಿಲ್ಲ.

ಜೂನ್ 24, ಮಂಗಳವಾರ

ದಿನಕ್ಕೆರಡು ಸಲ ಒಂದೂವರೆ ಮೈಲಿ ನಡೆಯುವುದು ಆಗದ ಮಾತು. ಇವರ ಟಿವಿಎಸ್ ಗಾಡಿ ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದೆ. ರಾಜಣ್ಣ ಹೇಳಿಕೊಟ್ಟ. ಮೊದಲ ದಿನ ತಿಪ್ಪೆಗೆ, ಎರಡನೇ ದಿನ ನಮ್ಮ ದಾರಿಯಲ್ಲೇ ಹೊಲವಿರುವ ಮಾದಸ್ವಾಮಿಯ ಬೇಲಿಗೆ. ಇವತ್ತು ನೇರ ಹೊಲಕ್ಕೆ.

ಜಗುಲಿಯ ಮುಂದೆ ಹಾದುಹೋದಾಗ ಇವರು ಕೂಗಿದರು: "ಕ್ಲಚ್ಚು ಇಡೀಬೇಡ್ವೇ!" ಆ ಗಾಡಿಗೆ ಕ್ಲಚ್ಚೇ ಇಲ್ಲ.

ಜುಲೈ 2, ಬುಧವಾರ

ಅತ್ತೆಗೆ ಗೊತ್ತಾಗಿಹೋಯಿತು. ಎಪ್ಪತ್ತೆಂಟು ವರ್ಷದ ದೊಡ್ಡಬಸಮ್ಮ, ನನಗೆ ಊಟ ತಲುಪಿಸುವ ನೆಪದಲ್ಲಿ ಗುಡ್ಡ ಹತ್ತಿ ಇಳಿದು ಬಂದುಬಿಟ್ಟರು. ಬದುವಿನ ಮೇಲೆ ನಿಂತು ಹೊಲದ ತುಂಬ ಕಣ್ಣಾಡಿಸಿದರು.

"ಏನಮ್ಮಿ ಇದು? ಜ್ವಾಳದ ಎಲೆ ಇಷ್ಟು ಸಣ್ಣಕ್ಕಾಗೋಗದೆ?"

"ಚೆಂಡೂವ ಅತ್ತೆ."

ಬುತ್ತಿ ಬಿಚ್ಚಿ ಕೊಟ್ಟರು. ಆಮೇಲೆ ಹೇಳಿದರು: "ನಿಮ್ಮಾವಂಗೆ ಒಂದ್ಸಲ ಅರಿಸ್ನ ಆಕವ ಅಂತ ಕೇಳಿದ್ದೆ ಕಣವ್ವ. ತಡಿ, ಯೋಚ್ನೆ ಮಾಡಿ ಏಳ್ತೀನಿ ಅಂದ್ರು. ಅವ್ರು ಓಗಿ ಅನ್ನೆರಡು ವರ್ಸ ಆಯ್ತು. ಇನ್ನೂ ಉತ್ರ ಬಂದಿಲ್ಲ."

ನಗುತ್ತಾ ನಗುತ್ತಾ ಅನ್ನ ಗಂಟಲಿಗೆ ಸಿಕ್ಕಿತು. ಬರುವಾಗ ಅತ್ತೆಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ನನ್ನ ಸೊಂಟ ಹಿಡಿದು "ಜೋರಾಗಿ ಓಗವ್ವ" ಎನ್ನುತ್ತಿದ್ದರು.

ಮನೆಯಲ್ಲಿ ಇವರು ಕೇಳಿದರು, "ಅವ್ವ, ಜ್ವಾಳ ಎಂಗದೆ?"

"ಬಂಗಾರದಂಗದೆ ಕಣ್ಮಗ" ಎಂದರು ಅತ್ತೆ. ನನಗಿಂತ ಸಲೀಸಾಗಿ ಸುಳ್ಳು ಹೇಳುತ್ತಾರೆ.

ಜುಲೈ 8, ಮಂಗಳವಾರ

ಇಪ್ಪತ್ತು ಗಿಡದ ಪೈಕಿ ಒಂದರ ಎಲೆ ತಂದು ತೋರಿಸಿದೆ. ಬೆಳಕಿಗೆ ಹಿಡಿದರು, ಮೂಸಿದರು, ತೂತು ಕಂಡುಹಿಡಿದರು. ಸುಳಿಯೊಳಗೆ ಹುಳ ಸೇರಿದೆಯಂತೆ, ಮೂರು ಎಕರೆಗೂ ಔಷಧ ಹೊಡೆಯಬೇಕಂತೆ. ರಾಜಣ್ಣನಿಗೂ ಫೋನು ಮಾಡಿ ಹೇಳಿದರು. ನಾನು ಮತ್ತು ರಾಜಣ್ಣ ಸೇರಿ ಇಪ್ಪತ್ತು ಗಿಡಕ್ಕೆ ಔಷಧ ಹೊಡೆದೆವು. ಒಂದು ಚೊಂಬು ಸಾಕಾಯಿತು.

ಊರಿಗೆಲ್ಲ ಗೊತ್ತಾಗಿದೆ. ಇವರ ಹತ್ತಿರ ಹರಟೆಗೆ ಬರುವವರೆಲ್ಲ "ಏನಣ್ಣ, ಜ್ವಾಳ ಬಾಳ ಚೆಂದಾಗದೆ" ಎಂದು ಹೇಳಿ, ಬೀದಿ ತಿರುಗುವ ತನಕ ತಡೆದುಕೊಂಡು, ಆಮೇಲೆ ನಗುತ್ತಾರೆ. ನನಗೂ ನಗು ಬರುತ್ತದೆ. ಆದರೆ ಇವತ್ತು ಅವರು ಹೋದ ಮೇಲೆ ಇವರ ಮುಖ ನೋಡಿದೆ. ಜೋಳ ಚೆನ್ನಾಗಿದೆ ಎಂದು ಎಷ್ಟು ಖುಷಿ! ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದೆ. ಬೇರೇನು ಮಾಡಲಿ?

ಜುಲೈ 14, ಸೋಮವಾರ

ಹಂದಿ ಬಂದಿದ್ದವು. ಮೂರು ಎಕರೆ ಚೆಂಡು ಹೂವಿನ ಒಂದು ಗಿಡವನ್ನೂ ಮುಟ್ಟಿಲ್ಲ. ಬೋರ್‌ವೆಲ್ ಹತ್ತಿರದ ಇಪ್ಪತ್ತು ಜೋಳದ ಗಿಡವನ್ನು ಬುಡಸಮೇತ ಮುಗಿಸಿವೆ.

ಚಿಕ್ಕಮಾದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಇವತ್ತು ಎಲೆ ತೋರಿಸುವ ದಿನ.

ದಾರಿಯಲ್ಲಿ ಮಾದಸ್ವಾಮಿಯ ಹೊಲದಿಂದ ಒಂದು ಗಿಡ ಕಿತ್ತು ತಂದೆ. ಇವರು ಹಿಡಿದು ತಿರುಗಿಸಿ ನೋಡಿದರು.

"ದಂಟು ಕೆಂಪಗದಲ್ಲ?"

"ಮಳೆ ಜಾಸ್ತಿ ಆಯ್ತಲ್ಲ, ಅದ್ಕೆ."

"ಮಳೆಗಾ?"

"ಊಂ ಕಣ್ರಿ."

ಊರಲ್ಲಿ ಆ ಕೆಂಪು ದಂಟಿನ ಬೀಜ ಹಾಕಿರುವವನು ಮಾದಸ್ವಾಮಿ ಒಬ್ಬನೇ. ಅದು ನನಗೆ ನೆನಪಾದದ್ದು ಒಳಗೆ ಬಂದು ಒಲೆ ಹಚ್ಚಿದ ಮೇಲೆ. ಇವರು ಮತ್ತೇನೂ ಕೇಳಲಿಲ್ಲ. ಸದ್ಯ, ತಪ್ಪಿಸಿಕೊಂಡೆ.

ಜುಲೈ 16, ಬುಧವಾರ

ಎರಡು ದಿನದಿಂದ ಇವರು ಮಾತಾಡುತ್ತಿಲ್ಲ. ಊಟ ಅರ್ಧಕ್ಕೇ ಬಿಡುತ್ತಾರೆ. ಗೋಡೆ ಕಡೆ ತಿರುಗಿ ಮಲಗುತ್ತಾರೆ. ರಾಡು ಹಾಕಿದ ಜಾಗ ನೋಯುತ್ತಿರಬೇಕು. ಎಣ್ಣೆ ಬಿಸಿ ಮಾಡಿ ಹಚ್ಚಲೇ ಎಂದೆ. ಬೇಡ ಎಂದರು.

ಜುಲೈ 18, ಶುಕ್ರವಾರ

ಇವತ್ತು ಗೆಲುವಾಗಿದ್ದಾರೆ. ಬೆಳಿಗ್ಗೆ ನಾನು ಗಾಡಿ ಹೊರಡಿಸುವಾಗ ಕರೆದು ಕೇಳಿದರು: "ಲೇ ಸುವರ್ಣಿ, ಜ್ವಾಳ ಎಷ್ಟುದ್ದ ಬಂದದೆ?"

"ನನ್ನೆದೆ ಮಟ್ಟ."

"ಅಷ್ಟೊಂದಾ! ಮೊಗ್ಗು ಬಂದದಾ?"

"ಜ್ವಾಳಕ್ಕೆಂತ ಮೊಗ್ಗು ಕಣ್ರಿ?"

"ಆ, ತೆನೆ ಕಣೆ, ತೆನೆ. ಬಾಯ್ತಪ್ಪಿ ಬಂತು."

ನೋವಿನ ಮಾತ್ರೆ ಮಂಪರು ಹಿಡಿಸುತ್ತಿದೆ ಎಂದು ಕಾಣುತ್ತದೆ. ಮುಂದಿನ ಸಲ ಡಾಕ್ಟರಿಗೆ ಹೇಳಬೇಕು.

ಎಲೆ ತೋರಿಸು ಎಂದು ಈಗ ಕೇಳುವುದಿಲ್ಲ. ದೊಡ್ಡ ಉಪಕಾರ.

ಜುಲೈ 29, ಮಂಗಳವಾರ

ಸಣ್ಣ ವಿಚಿತ್ರ. ಮಧ್ಯಾಹ್ನ ಮನೆಗೆ ಬಂದರೆ ಮಂಚದ ಮೇಲೆ ಕೂತು ಅಲಸಂದೆಕಾಯಿ ಬಿಡಿಸುತ್ತಿದ್ದರು. ಪಕ್ಕದಲ್ಲಿ ಬೆಳ್ಳುಳ್ಳಿಯೂ ಸುಲಿದಿತ್ತು. ಅತ್ತೆ ಹೇಳಿದರಂತೆ. ಅತ್ತೆ ನಲವತ್ತು ವರ್ಷದಿಂದ ಹೇಳುತ್ತಿರಲಿಲ್ಲವೇ?

ಸಾರಿಗೆ ಉಪ್ಪು ಕಮ್ಮಿ ಎನ್ನುವುದೂ ನಿಂತಿದೆ. ಇವತ್ತು ನಿಜವಾಗಿಯೂ ಕಮ್ಮಿಯಿತ್ತು.

ಆಗಸ್ಟ್ 12, ಮಂಗಳವಾರ

ಹೂ ಬಿಟ್ಟಿದೆ! ಗುಡ್ಡ ಇಳಿಯುವಾಗ ಕಣ್ಣು ಕೋರೈಸುತ್ತದೆ. ಯಾರೋ ಮೂರು ಎಕರೆಗೂ ಅರಿಶಿನ ಕುಂಕುಮ ಕಲಸಿ ಚೆಲ್ಲಿದ ಹಾಗೆ.

ಬೆಟ್ಟಕ್ಕೆ ಹೋಗುವ ಕಾರುಗಳೆಲ್ಲ ನಿಲ್ಲುತ್ತವೆ. ಫೋಟೋ ತೆಗೆಸಿಕೊಳ್ಳಲು ಸಾಲಿನೊಳಗೆ ನುಗ್ಗುತ್ತಾರೆ. ಗದರಿದರೆ ಕೇಳುವುದಿಲ್ಲ. ಭಾನುವಾರ ಒಂದು ಉಪಾಯ ಮಾಡಿದೆ. "ಫೋಟೋ ಬೇಕಾದ್ರೆ ತಲೆಗೊಂದು ಸಾಲು ಕಳೆ ಕಿತ್ಕೊಟ್ಟು ತಕ್ಕೊಳಿ" ಎಂದೆ. ಕಪ್ಪು ಕನ್ನಡಕ ಹಾಕಿದ ಹೆಂಗಸರೆಲ್ಲ ಕೂತು ಕಿತ್ತರು. ಕಳೆ ಕೀಳುವುದನ್ನೂ ಫೋಟೋ ತೆಗೆಸಿಕೊಂಡರು. ಚಿಕ್ಕಮಾದಮ್ಮ ಬದುವಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, "ಬುಡಸಮೇತ ಕೀಳವ್ವ, ಬುಡಸಮೇತ" ಎಂದು ಮೇಸ್ತ್ರಿಕೆ ಮಾಡಿದಳು.

ಮಗಳು ಸಿಂಧು ಹೊನ್ನೂರಿನ ಗಂಡನ ಮನೆಯಿಂದ ಫೋನು ಮಾಡಿದ್ದಳು. ನನ್ನ ಹೊಲದ ಫೋಟೋ ಯಳಂದೂರಿನಲ್ಲಿ ಯಾರದೋ ಮೊಬೈಲಿನಲ್ಲಿ ನೋಡಿದಳಂತೆ. "ಅವ್ವ, ಅಪ್ಪಂಗೆ ಗೊತ್ತಾ?" ಎಂದಳು. ಪುಣ್ಯಕ್ಕೆ ಇವರದು ಬಟನ್ ಫೋನು.

ಕೈಯೆಲ್ಲ ಹಳದಿ. "ಏನಮ್ಮಿ ಅದು?" ಎಂದರು ಇವರು. ಅರಿಶಿನ ಎಂದೆ. "ಜ್ವಾಳದ ಒಲಕ್ಕೆ ಅರಿಸ್ನ ಅಚ್ಕಂಡು ಓಯ್ತೀಯಾ?" ಎಂದು ಕೇಳಿ, ಮೂಗಿನವರೆಗೂ ಹೊದ್ದುಕೊಂಡು ಮಲಗಿಬಿಟ್ಟರು. ಹೊದಿಕೆ ಕುಲುಕುತ್ತಿತ್ತು. ಚಳಿ ಇರಬೇಕು.

ಆಗಸ್ಟ್ 18, ಸೋಮವಾರ

ಕೆಟ್ಟ ದಿನ.

ನಾಳೆ ಮೊದಲ ಬಿಡಿಸು, ಹೂ ಕೀಳುವ ದಿನ. ರಂಗರಾಜುವಿನ ಲಾರಿ ಪಾಲಾರ್ ಕಡೆಯಿಂದ ಹೂ ತುಂಬಿಕೊಂಡು ಮಧ್ಯಾಹ್ನ ಎರಡಕ್ಕೆ ಇಲ್ಲಿಗೆ ಬರುತ್ತದೆ. ವಾರಕ್ಕೊಂದೇ ಸಲ. ಹತ್ತು ಹನ್ನೆರಡು ಜನ ಬೇಕು. ಒಪ್ಪಿಕೊಂಡಿದ್ದವರೆಲ್ಲ ಕುಂತೂರಿನ ಕಡೆ ಕಬ್ಬಿನ ಕೆಲಸಕ್ಕೆ ಟ್ರ್ಯಾಕ್ಟರ್ ಹತ್ತಿ ಹೋಗಿಬಿಟ್ಟಿದ್ದಾರೆ, ನಾಲ್ಕು ದಿನ ಬರುವುದಿಲ್ಲ. ಮೋಡ ಕಟ್ಟಿದೆ. ಮಳೆ ಹೊಡೆದರೆ ಅರಳಿದ ಹೂ ನೀರು ಕುಡಿದು ಗಿಡದಲ್ಲೇ ಕೊಳೆಯುತ್ತದೆ. ನಾನು, ಚಿಕ್ಕಮಾದಮ್ಮ, ಎಪ್ಪತ್ತೆಂಟರ ಅತ್ತೆ: ಮೂವರು, ಮೂರು ಎಕರೆ.

ಊರೆಲ್ಲ ತಿರುಗಿದೆ. ಯಾರೂ ಸಿಗಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಹೂ ಹೋದರೆ ಹೋಗಲಿ. ಕಾಲಿಲ್ಲದೆ ಮಲಗಿದ ಮನುಷ್ಯನನ್ನು ಊರಿನ ನಗೆಗೆ ಈಡುಮಾಡಿ, ಕೊನೆಗೆ ಕೈಗೆ ಏನೂ ಸಿಗದಿದ್ದರೆ ಯಾವ ಮುಖ ಇಟ್ಟುಕೊಂಡು ಹೇಳಲಿ?

ಅಳುವುದು ಜಗುಲಿಗೆ ಕೇಳಿಸಿತೇನೋ. "ಏನಾಯ್ತೇ?" ಎಂದರು. ಹೊಗೆ ಎಂದೆ. ಒಲೆ ಹಚ್ಚಿರಲಿಲ್ಲ.

ಆಗಸ್ಟ್ 19, ಮಂಗಳವಾರ

ನಂಬಲಾಗುತ್ತಿಲ್ಲ.

ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೋದರೆ ರಾಜಣ್ಣನ ಟ್ರ್ಯಾಕ್ಟರಿನಿಂದ ಜನ ಇಳಿಯುತ್ತಿದ್ದರು. ಇವರ ಗೆಳೆಯರು, ಅವರ ಹೆಂಡಂದಿರು, ಮಾದಸ್ವಾಮಿ, ಅವನ ಇಬ್ಬರು ಸೊಸೆಯರು. ಹದಿನಾಲ್ಕು ಜನ. ರಾತ್ರಿ ಇವರೇ ಒಬ್ಬೊಬ್ಬರಿಗೂ ಫೋನು ಮಾಡಿದ್ದರಂತೆ. "ಜ್ವಾಳದಲ್ಲಿ ಕಳೆ ಜಾಸ್ತಿ ಆಗದೆ, ನಮ್ಮವಳು ಒಬ್ಳೇ ಅವಳೆ, ಒಂದಿನ ಬಂದು ಕಿತ್ಕೊಡಿ" ಎಂದರಂತೆ.

ಎರಡು ತಿಂಗಳು ದಾಟಿದ ಜೋಳಕ್ಕೆ ಯಾರಾದರೂ ಕಳೆ ಕೀಳಿಸುತ್ತಾರೆಯೇ? ಮಲಗಿ ಮಲಗಿ ಇವರಿಗೆ ಬೇಸಾಯವೇ ಮರೆತುಹೋಗಿದೆ. ಆ ಮರೆವು ನನ್ನ ಪಾಲಿಗೆ ವರವಾಯಿತು.

ಇನ್ನೂ ಒಂದು ಆಶ್ಚರ್ಯವೆಂದರೆ, ಕಳೆ ಕೀಳಲು ಬಂದವರೆಲ್ಲ ಬುಟ್ಟಿ ಮಂಕರಿ ತಂದಿದ್ದರು. ಚಿಕ್ಕಮಾದಮ್ಮ ಮೊದಲೇ ಹೇಳಿರಬೇಕು. ಕೇಳಿದರೆ ಇಲ್ಲ ಎಂದಳು. ಅವಳ ಮಾತನ್ನು ಎಷ್ಟೆಂದು ನಂಬುವುದು!

ಒಂದೂವರೆಗೆ ಕೊನೆಯ ಸಾಲು ಮುಗಿಯಿತು. ಎರಡಕ್ಕೆ ಲಾರಿ ಬಂತು. ಮೂರಕ್ಕೆ ಮಳೆ ಹೊಡೆಯಿತು. ಲಾರಿಯ ಟಾರ್ಪಾಲಿನ ಕೆಳಗೆ ನಾವೆಲ್ಲ ಹೂವಿನ ಮೂಟೆಗಳಿಗೆ ಒರಗಿ ನಿಂತೆವು. ಅತ್ತೆ ಹೂ ಮುಡಿದುಕೊಂಡಿದ್ದರು.

ಸೆಪ್ಟೆಂಬರ್ 2, ಮಂಗಳವಾರ

ಮೂರನೇ ಬಿಡಿಸು. ಹಂದಿಗಳು ಬದುವಿನ ತನಕ ಬಂದು ವಾಪಸ್ ಹೋಗಿವೆ, ಗೊರಸಿನ ಗುರುತಿದೆ. ನನ್ನ ಹೊಲ ಅವಕ್ಕೆ ಬೇಡವಾಗಿದೆ. ಸಂತೋಷ.

ಸೆಪ್ಟೆಂಬರ್ 8, ಸೋಮವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಡಾಕ್ಟರು ನೋಡಿ, ಕೋಲು ಹಿಡಿದು ನಡೆಯಬಹುದು ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಲೇ ಇವರು, "ನೇರ ಒಲಕ್ಕೆ ಓಗವ" ಎಂದರು. ಮೊದಲು ಮನೆಗೆ ಹೋಗೋಣ ಎಂದೆ. ಬಿಸಿಲು ಎಂದೆ. ಹೊಲದಲ್ಲಿ ಹಾವಿದೆ ಎಂದೆ. ಆಟೋದವನು ಗಾಡಿಯನ್ನು ಗುಡ್ಡದ ಕಡೆಗೇ ತಿರುಗಿಸಿದ.

ಹೇಳಿಬಿಡೋಣ ಎಂದು ಹನೂರು ದಾಟುವ ತನಕ ನಾಲ್ಕು ಸಲ ಬಾಯಿ ತೆಗೆದೆ. ನಾಲ್ಕು ಸಲವೂ ಇವರು ಬೇರೇನೋ ಕೇಳಿದರು. ಕೊನೆಗೆ ಗುಡ್ಡದ ನೆತ್ತಿಯಲ್ಲಿ ಆಟೋ ನಿಂತಿತು. ಕೆಳಗೆ ಮೂರು ಎಕರೆಯೂ ಉರಿಯುತ್ತಿತ್ತು.

ಇವರು ಕೋಲೂರಿ ಇಳಿದರು. ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಆಟೋದವನು ಎಂಜಿನ್ ಆರಿಸಿದ.

"ಜ್ವಾಳ ಚೆಂದಾಗಿ ಬಂದದೆ" ಎಂದರು.

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಅವರ ಹೊಟ್ಟೆ ಕುಲುಕಿತು, ಹೆಗಲು ಕುಲುಕಿತು, ಕೋಲು ಬಿದ್ದುಹೋಯಿತು. ಬೀಳದಂತೆ ನಾನು ಹಿಡಿದುಕೊಂಡೆ. ಇಬ್ಬರೂ ರಸ್ತೆ ಮಧ್ಯೆ ನಿಂತು ಹುಚ್ಚರ ಹಾಗೆ ನಕ್ಕೆವು.

"ಯಾವತ್ತು ಗೊತ್ತಾಯ್ತು ನಿಮ್ಗೆ?"

"ಏಳಲ್ಲ ಓಗು. ನೀನೇಳಿದ್ದಾ?"

ಹಾಗಾದರೆ ಆ ಹದಿನಾಲ್ಕು ಜನ, ಆ ಮಂಕರಿ! ಒಂದೊಂದೇ ತಲೆಗೆ ಹೊಳೆಯಿತು. ಮೂರು ತಿಂಗಳಿಂದ ನಾನು ಇವರಿಗೆ ನಾಟಕ ಆಡುತ್ತಿದ್ದೇನೆ ಎಂದುಕೊಂಡಿದ್ದೆ. ಟಿಕೆಟ್ ತೆಗೆದುಕೊಂಡು ನೋಡುತ್ತಾ ಕೂತಿದ್ದರು.

ಬದುವಿನ ಮೇಲೆ ಕೂತೆವು. ಆಗ ಇವರು ನಗದೆ ಹೇಳಿದರು:

"ಎರಡು ದಿವ್ಸ ಬಾಳ ಬೇಜಾರಾಗಿತ್ತು ಕಣೆ. ನೀನು ಸುಳ್ಳೇಳ್ದೆ ಅಂತಲ್ಲ. ಕೇಳಿದ್ರೆ ಇವ್ನು ಬ್ಯಾಡ ಅಂತಾನೆ ಅಂತ ನಿಂಗೆ ಕೇಳದ್ಕಿಂತ ಮುಂಚೇನೇ ಗೊತ್ತಿತ್ತಲ್ಲ, ಅದ್ಕೆ. ಗೋಡೆ ನೋಡ್ಕಂಡು ಯೋಚ್ನೆ ಮಾಡ್ದೆ. ನಿಜ್ವಾಗ್ಲೂ ಬ್ಯಾಡ ಅಂತಲೇ ಅಂತಿದ್ದೆ."

"ಕಾಲು ನೋಯ್ತಾ ಅದಾ?" ಎಂದೆ. ಸ್ವಲ್ಪ ಎಂದರು. ಮನೆಗೆ ಬಂದೆವು.

ಸೆಪ್ಟೆಂಬರ್ 11, ಗುರುವಾರ

ಬೆಳಗಿನ ಹೊತ್ತು ಕೆಲಸಕ್ಕೇ ಬಿಡುವುದಿಲ್ಲ ಈ ಜನ. ರಾಗಿ ರೊಟ್ಟಿ ತಟ್ಟುತ್ತಿದ್ದೆ. ಮಾದಸ್ವಾಮಿ ಜಗುಲಿಗೆ ಬಂದು ಇವರನ್ನು ಕೇಳುತ್ತಿದ್ದ, "ಅಣ್ಣ, ನನ್ನ ಜ್ವಾಳ ಪೂರಾ ಹಂದಿ ಪಾಲಾಯ್ತು. ಹಿಂಗಾರ್‌ಗೆ ಏನಾಕದು?"

"ನನ್ನೇನ್ಲಾ ಕೇಳೀಯೆ? ಒಳಗವಳೆ, ಓಗಿ ಕೇಳು."

ಅವನು ಚಪ್ಪಲಿ ಬಿಟ್ಟು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ. ಅವನ ಕಡೆ ತಿರುಗಿದರೆ ರೊಟ್ಟಿ ಸೀಯುತ್ತದೆ. "ಇದೊಂದು ಬೇಯ್ಲಿ, ಕಾಯಪ್ಪ" ಎಂದೆ.

ಕಾದ.